ಒಶಿರಪ್ಪನ ಜೋಡಿ ಗೊಂಬೆ

ಎನ್. ಬೇಗೂರು
20–6–1996

ನೀಲಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಜಗಳ.

ಹದಿನೈದು ದಿನ ಎಂದು ಹೇಳಿ ಹೋದವಳು ನೀನು. ವೀರಮ್ಮತ್ತೆಯ ಶಿವಗಣಾರಾಧನೆ ಮುಗಿಸಿ, ಉಯಿಲು ಓದಿಸಿಕೊಂಡು, ಗಾವಡಗೆರೆಯ ಮನೆಗೆ ಒಂದು ಬೀಗ ಜಡಿದು ಬಂದುಬಿಡುತ್ತೇನೆ ಅಂದೆ. ಇವತ್ತಿಗೆ ನಲವತ್ತೊಂದು ದಿನ. ನಮ್ಮ ಮದುವೆಯಾಗಿ ಎಂಬತ್ತಾರು ದಿನ. ನಾನು ಲೆಕ್ಕದ ಮೇಷ್ಟ್ರು, ಕಳೆಯುವುದು ನನಗೆ ಚೆನ್ನಾಗಿ ಬರುತ್ತದೆ. ನಾವು ಸಂಸಾರ ಮಾಡಿದ್ದು ನಲವತ್ತೈದು ದಿನ, ಅದರಲ್ಲೂ ಹನ್ನೆರಡು ದಿನ ನಿನ್ನ ಚಿಕ್ಕಮ್ಮ ಬಂದು ಕೂತಿದ್ದರು.

ನಿನ್ನ ಸೋದರತ್ತೆಗೆ ಮಕ್ಕಳಿರಲಿಲ್ಲ, ಅಣ್ಣನ ಮಗಳಿಗೆ ಮನೆ ಬರೆದರು, ಸರಿ. ಆದರೆ ‘ನಾಲ್ಕು ಬೆಳೆ ರೇಷ್ಮೆಹುಳು ಸಾಕಿದ ಮೇಲೇ ಮನೆ ಅವಳದು, ಅಲ್ಲಿಯ ತನಕ ಮನೆ ಖಾಲಿ ಬಿಡಕೂಡದು’ ಎಂದು ಯಾರಾದರೂ ಉಯಿಲಿನಲ್ಲಿ ಬರೆಸುತ್ತಾರೆಯೇ? ನಮ್ಮ ಹೆಡ್ಮೇಷ್ಟ್ರು ಕಂಠಪ್ಪನವರು ನಿನ್ನೆ ಎಲ್ಲರ ಎದುರಿಗೆ, “ಏನ್ ಮಲ್ಲೇಶಪ್ಪ, ನಿಮ್ಮೆಂಡ್ರು ಹುಳ ಕಟ್ಕಂಡು ನಿಮ್ಮುನ್ನ ಬುಟ್ಬುಟ್ರಾ?” ಎಂದು ಕೇಳಿದರು. ನಕ್ಕೆ. ಒಳಗೆ ಉರಿಯಿತು.

ಇನ್ನೊಂದು ವಿಷಯ. ಹೋದ ಪತ್ರದಲ್ಲಿ ‘ಒಬ್ಬಳೇ ಅಂತ ಚಿಂತೆ ಮಾಡಬೇಡಿ, ಇಲ್ಲಿ ಜನ ಇದ್ದಾರೆ’ ಎಂದಿದ್ದೀಯ. ಯಾವ ಜನ? ಸೊಪ್ಪು ಕೊಯ್ಯುವಾಗ ‘ಒಬ್ಬರು’ ಬುಟ್ಟಿ ಹಿಡಿಯುತ್ತಾರೆ ಎಂದೂ ಬರೆದಿದ್ದೀಯ. ಆ ಒಬ್ಬರು ಹೆಂಗಸೋ ಗಂಡಸೋ? ಮರುಟಪಾಲಿಗೆ ತಿಳಿಸುವುದು.

ನಿನ್ನ ಗಂಡ (ನೆನಪಿದ್ದರೆ),
ಮಲ್ಲೇಶ್


ಗಾವಡಗೆರೆ
2–7–1996

ರೀ ಮೇಷ್ಟ್ರೇ,

ಜಗಳಕ್ಕೆ ನಮಸ್ಕಾರ. ನೆನಪಿದ್ದೀರಿ, ಎಲ್ಲಿಗೂ ಹೋಗಿಲ್ಲ.

ಕೇಳಿದ್ದಕ್ಕೆ ಹೇಳಿಬಿಡುತ್ತೇನೆ. ಆಮೇಲೆ ಮುಚ್ಚಿಟ್ಟಳು ಅನ್ನಬಾರದು. ಈ ಊರ ಸುತ್ತ ಕಣ್ಣು ಹಾಯಿಸಿದಷ್ಟೂ ಹೊಗೆಸೊಪ್ಪು. ಹೊಗೆಸೊಪ್ಪಿನ ಗಾಳಿ ಬಡಿದ ಹಿಪ್ಪುನೇರಳೆ ತಿಂದರೆ ರೇಷ್ಮೆಹುಳು ಬದುಕುವುದಿಲ್ಲ, ಇದು ಯಾರನ್ನು ಕೇಳಿದರೂ ಹೇಳುತ್ತಾರೆ. ಅತ್ತೆಯ ಹುಳು ಮಾತ್ರ ನಲವತ್ತು ವರ್ಷ ಒಂದೂ ಸಾಯಲಿಲ್ಲ. ಯಾಕೆ ಅಂತ ನನಗೀಗ ಗೊತ್ತಾಗಿದೆ.

ನಮ್ಮಜ್ಜನ ಕಾಲದಲ್ಲಿ, ಇನ್ನೂ ಮಹಾರಾಜರ ಆಳ್ವಿಕೆಯಿದ್ದಾಗ, ಹುಳು ಸಾಕುವುದನ್ನು ಕಲಿಸಲು ಜಪಾನಿನಿಂದ ಒಬ್ಬ ಮೇಷ್ಟ್ರು ಬಂದು ಈ ಮನೆಯಲ್ಲೇ ಮೂರು ವರ್ಷ ಇದ್ದರಂತೆ. ಯುದ್ಧ ಶುರುವಾದಾಗ ಉಟ್ಟ ಬಟ್ಟೆಯಲ್ಲಿ ಹೊರಟುಹೋದರು. ಬಿಟ್ಟುಹೋದದ್ದು ಮೂರೇ ಸಾಮಾನು: ಎಣ್ಣೆಕಾಗದದ ಒಂದು ಕೊಡೆ, ಕೆಂಪು ಪಟ್ಟಿಯ ಪುಟ್ಟ ಮರದ ಚಪ್ಪಲಿ, ಹಿಪ್ಪುನೇರಳೆ ಕಡ್ಡಿಯ ಒಂದು ಗೊಂಬೆ. ಅವುಗಳ ಜೊತೆಗೆ ಬಂದವರೂ ಇಲ್ಲೇ ಉಳಿದರು.

ಹೆದರಬೇಡಿ. ಕೊಡೆ ತನ್ನಷ್ಟಕ್ಕೆ ಬಿಚ್ಚಿಕೊಂಡು ಒಂಟಿ ಕಾಲಲ್ಲಿ ಅಂಗಳವೆಲ್ಲ ಕುಪ್ಪಳಿಸುತ್ತದೆ, ಅಷ್ಟೆ. ಚಪ್ಪಲಿ ಒಂದು ಪುಟ್ಟ ಹುಡುಗಿಯದು. ಅವಳು ಕಾಣುವುದಿಲ್ಲ, ಜಗಲಿಯ ಮೇಲೆ ಟಕಟಕ ಓಡುತ್ತಾಳೆ, ಬೆಲ್ಲ ಇಟ್ಟರೆ ನಿಲ್ಲುತ್ತಾಳೆ. ಪಕ್ಕದ ಮನೆ ಚೆಲುವಕ್ಕ ಸೊಪ್ಪು ಕೊಯ್ಯಲು ಬರುತ್ತಾಳಲ್ಲ, ಅವಳನ್ನು ಕೇಳಿದೆ. “ದೆವ್ವನೂ ಅಲ್ಲ, ಪೀಡೆನೂ ಅಲ್ಲ ಕಣವ್ವ. ಮನೆಯೋರು. ನೀನು ನಿನ್ನೆ ಬಂದೋಳು, ವಸಿ ಮರ್ವಾದೆಯಾಗಿರು” ಅಂದಳು.

ಇನ್ನು ಮೂರನೆಯವರು. ಗೊಂಬೆಯನ್ನು ಜಪಾನಿನ ಮೇಷ್ಟ್ರು ‘ಒಶಿರಾ’ ಎನ್ನುತ್ತಿದ್ದರಂತೆ, ನಮ್ಮಜ್ಜ ಅದನ್ನು ಒಶಿರಪ್ಪ ಮಾಡಿದರು. ನಾನು ಮೊದಲು ಕಂಡದ್ದು ಹಾಡುಹಗಲಲ್ಲಿ, ಹುಳುಮನೆಯಲ್ಲಿ, ಮಧ್ಯಾಹ್ನದ ಸೊಪ್ಪು ಹಾಕುವಾಗ. ತಿರುಗಿ ನೋಡಿದರೆ ಬುಟ್ಟಿಯ ಆ ತುದಿ ಹಿಡಿದು ನಿಂತಿದ್ದರು. ಸಡಿಲವಾದ ಬಿಳಿ ಅಂಗಿ, ಸೊಂಟಕ್ಕೆ ಪಟ್ಟಿ, ಆಗತಾನೇ ಮಿಂದು ಬಂದವರಂತೆ ಒದ್ದೆ ತಲೆ. ಗಂಡಸೇ, ಇಪ್ಪತ್ತೈದಿರಬಹುದು. ಮಾತಿಲ್ಲ. ನೋಡಲು ಲಕ್ಷಣವಾಗಿದ್ದಾರೆ. ಇದನ್ನು ಬರೆಯಬಾರದಿತ್ತೇನೋ, ಬರೆದಾಯಿತು.

ಆ ಗೊಂಬೆಗೆ ಒಂದು ಜೋಡಿಯಿತ್ತಂತೆ. ತಿರುಗಿ ಬರುವ ಗುರುತಿಗೆ ಮೇಷ್ಟ್ರು ಒಂದನ್ನು ಇಲ್ಲಿ ಬಿಟ್ಟು ಇನ್ನೊಂದನ್ನು ತಗೊಂಡು ಹೋದರು. ಹಲಗೆಯ ಮೇಲೆ ಒಂಟಿಯಾಗಿ ಕೂತಿತ್ತು. ಪಾಪ ಅನ್ನಿಸಿತು. ಮದುವೆಯಲ್ಲಿ ಅಮ್ಮ ಕೊಟ್ಟ ಪಟ್ಟದ ಗೊಂಬೆ ಜೋಡಿ ನನ್ನ ಟ್ರಂಕಿನಲ್ಲಿತ್ತಲ್ಲ, ಅದರಲ್ಲಿ ರಾಣಿ ಗೊಂಬೆಯನ್ನು ತೆಗೆದು ಪಕ್ಕದಲ್ಲಿ ಕೂರಿಸಿದ್ದೇನೆ. ಚೆನ್ನಾಗಿ ಕಾಣುತ್ತದೆ.

ಮೊದಲ ಬೆಳೆ ಗೂಡು ಕಟ್ಟುತ್ತಿದೆ. ಊಟ ಸರಿಯಾಗಿ ಮಾಡಿ.

ನಿಮ್ಮ
ನೀಲಾಂಬಿಕೆ


ಎನ್. ಬೇಗೂರು
9–7–1996

ನೀಲಾಂಬಿಕೆಗೆ,

ಪತ್ರವನ್ನು ಮೂರು ಸಲ ಓದಿದೆ. ಕೊಡೆ ಕುಪ್ಪಳಿಸಲಿ, ಚಪ್ಪಲಿ ಓಡಲಿ, ನನ್ನದೇನೂ ತಕರಾರಿಲ್ಲ. ನೀನು ಸುಳ್ಳು ಹೇಳುವವಳಲ್ಲ ಎಂದು ನಂಬಿ ಅಷ್ಟನ್ನೂ ನುಂಗಿಕೊಂಡೆ. ಕೊನೆಯ ನಾಲ್ಕು ಸಾಲು ಗಂಟಲಲ್ಲಿ ಸಿಕ್ಕಿಕೊಂಡಿದೆ.

ಪಟ್ಟದ ಗೊಂಬೆ ಎಂದರೆ ಏನು ತಿಳಿದಿದ್ದೀಯ? ಹೆಣ್ಣಿನ ಮನೆಯವರು ಜೋಡಿ ಕೊಡುವುದು ಯಾಕೆ? ರಾಜ ನಾನು, ರಾಣಿ ನೀನು ಅಂತ ತಾನೆ? ರಾಣಿಯನ್ನು ಎತ್ತಿಕೊಂಡು ಹೋಗಿ ಪರಗಂಡಸಿನ ಪಕ್ಕದಲ್ಲಿ ಕೂರಿಸಿದ್ದೀಯ, ಅದೂ ಬಾಯಾರೆ ‘ಚೆನ್ನಾಗಿ ಕಾಣುತ್ತದೆ’ ಎನ್ನುತ್ತೀಯ! ಹಾಗಾದರೆ ರಾಜ ಎಲ್ಲಿ? ಟ್ರಂಕಿನಲ್ಲಿ, ನಿನ್ನ ಹಳೆ ಲಂಗಗಳ ಕೆಳಗೆ, ನುಸಿಗುಳಿಗೆಯ ಜೊತೆ. ಓದಿ ನನಗೇ ಉಸಿರು ಕಟ್ಟಿತು.

ಎಂಟನೇ ತರಗತಿಯಲ್ಲಿ ಇವತ್ತು ಬೀಜಗಣಿತ ತಪ್ಪು ಹೇಳಿಕೊಟ್ಟೆ. ಮಕ್ಕಳು ನಕ್ಕರು.

ಈ ಪತ್ರ ತಲುಪಿದ ತಕ್ಷಣ ಗೊಂಬೆಯನ್ನು ಎತ್ತಿ ಟ್ರಂಕಿನಲ್ಲಿ ಇಡು. ನೀನು ಎತ್ತಿದೆ ಎಂದು ಬರೆಯುವ ತನಕ ನನಗೆ ಅನ್ನ ಸೇರುವುದಿಲ್ಲ. ಇದು ಬೆದರಿಕೆಯಲ್ಲ, ನಿಜವಾಗಿಯೂ ಸೇರುತ್ತಿಲ್ಲ.

ಮಲ್ಲೇಶ್


ಗಾವಡಗೆರೆ
6–8–1996

ರೀ,

ಒಂದು ತಿಂಗಳು ಬರೆಯಲಿಲ್ಲ. ಬೈಯಿರಿ, ಬೈದ ಮೇಲೆ ಓದಿ.

ನೀವು ಹೇಳಿದ ದಿನವೇ ರಾಣಿಯನ್ನು ಎತ್ತಿದೆ. ಎರಡನೇ ಬೆಳೆಯ ಹುಳು ಆಗ ಮೂರನೇ ಜ್ವರ (ಹುಳು ಪೊರೆ ಬಿಡುವುದಕ್ಕೆ ಇಲ್ಲಿ ಹಾಗನ್ನುತ್ತಾರೆ) ಎದ್ದು ಹಸಿದು ಕೂತಿದ್ದವು. ಸೊಪ್ಪು ಹಾಕಿದರೆ ಒಂದೂ ಬಾಯಿ ಹಾಕಲಿಲ್ಲ. ಅಷ್ಟು ತಟ್ಟೆಗಳಲ್ಲಿ ಅಷ್ಟೂ ಹುಳು ತಲೆ ಎತ್ತಿಕೊಂಡು ಸುಮ್ಮನೆ ಕೂತವು. ಬೆಳಿಗ್ಗೆಯದು, ಮಧ್ಯಾಹ್ನದ್ದು, ಎರಡು ಹೊತ್ತಿನ ಸೊಪ್ಪು ಬಾಡಿಹೋಯಿತು. ಗೊಂಬೆಯನ್ನು ತಂದು ವಾಪಸ್ಸು ಕೂರಿಸಿದೆ, ಮಳೆ ಬಂದ ಹಾಗೆ ಸದ್ದು ಮಾಡಿಕೊಂಡು ತಿನ್ನತೊಡಗಿದವು. ಏನು ಮಾಡಲಿ ಹೇಳಿ. ಜೀವ ಅಲ್ಲವೇ ಅವೂ.

ಆಷಾಢದಲ್ಲಿ ನನಗೆ ಜ್ವರ ಬಂದಿತ್ತು. ನಿಮಗೆ ಬರೆಯಲಿಲ್ಲ, ಓಡಿ ಬಂದು ರಜೆ ಹಾಳು ಮಾಡಿಕೊಳ್ಳುತ್ತೀರಿ ಅಂತ. ಮೂರು ದಿನ ಹಣೆಯ ಮೇಲೆ ತಣ್ಣೀರ ಬಟ್ಟೆ ಒಣಗಲಿಲ್ಲ. ಚೆಲುವಕ್ಕ ಗಂಜಿ ತಂದವಳು ಬಾಗಿಲಲ್ಲೇ ನಿಂತು, “ನಿನ್ನ ಸೇವೆ ಮಾಡಾಕೆ ಜನ ಅವ್ರೆ, ನನ್ ಗಂಜಿ ಯಾಕೆ?” ಎಂದು ಲೋಟ ಕುಕ್ಕಿ ಹೋದಳು. ಅವಳ ಬಾಯಿ ಎಂಥದ್ದು ಅಂತ ಬರೆದಿದ್ದೆನಲ್ಲ.

ನಿಜ ಹೇಳಲೇ? ಅವರು ಮಾತಾಡುವುದಿಲ್ಲ, ಕೇಳುತ್ತಾರೆ. ಚಿಕ್ಕಂದಿನಲ್ಲಿ ಬಾವಿಗೆ ಬಿದ್ದದ್ದು, ಪಿಯುಸಿಯಲ್ಲಿ ನಪಾಸಾದದ್ದು, ಎಲ್ಲ ಹೇಳಿದೆ. ನೀವೂ ಕೇಳುತ್ತೀರಿ, ಇಲ್ಲ ಅನ್ನುವುದಿಲ್ಲ. ಆದರೆ ನಡುವೆ ತಿದ್ದುತ್ತೀರಿ. ‘ಅದು ಮಂಗಳವಾರ ಅಲ್ಲ ಬುಧವಾರ’ ಎನ್ನುತ್ತೀರಿ.

ವೀರಮ್ಮತ್ತೆ ಗಂಡನ ಮನೆ ಬಿಟ್ಟು ಬಂದದ್ದು ಮದುವೆಯಾದ ಆರನೇ ತಿಂಗಳಿಗೆ. ಯಾಕೆ ಬಂದರು ಅಂತ ನಮ್ಮ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಮೊನ್ನೆ ಗೊಂಬೆಯ ಬಟ್ಟೆ ಮುಟ್ಟಿ ನೋಡಿದೆ. ಹಳೆಯದನ್ನು ಬಿಚ್ಚದೆ ಅದರ ಮೇಲೇ ಪ್ರತಿ ನವರಾತ್ರಿಗೆ ಒಂದೊಂದು ಹೊಸ ಬಟ್ಟೆ ಸುತ್ತಿದ್ದಾರೆ. ಎಲ್ಲ ಅವರದೇ ಸೀರೆಯ ಸೆರಗು. ನಮ್ಮದೂ ಐದು ತಿಂಗಳಾಗುತ್ತಾ ಬಂತು.

ದಸರಾ ರಜಕ್ಕೆ ಬನ್ನಿ. ಬರಲೇಬೇಕು.

ನೀಲಾ


ಎನ್. ಬೇಗೂರು
30–10–1996

ನೀಲಾ,

ರಜೆ ಮುಗಿಯಿತು. ನಾಲ್ಕು ದಿನ ಮುಂಚೆಯೇ ಹೇಳದೆ ಹೊರಟು ಬಂದದ್ದಕ್ಕೆ ಕ್ಷಮೆ ಕೇಳಬೇಕೋ, ನೀನು ಕೇಳಬೇಕೋ, ತಿಳಿಯದೆ ಒಂದು ವಾರ ಕಳೆದೆ.

ನಿಮ್ಮ ಮನೆಯಲ್ಲಿ ನನಗೆ ಆದ ಮರ್ಯಾದೆಯನ್ನು ನೆನೆಸಿಕೋ. ಬಾಗಿಲಲ್ಲೇ ಕೊಡೆ ಬಂದು ಬುರುಡೆಗೆ ಕುಟ್ಟಿತು. ನನ್ನ ಹೊಸ ಚಪ್ಪಲಿ ಎರಡು ದಿನ ನಾಪತ್ತೆ, ಆಮೇಲೆ ಬಾವಿಯ ಹಗ್ಗಕ್ಕೆ ಕಟ್ಟಿತ್ತು. ನನ್ನೊಬ್ಬನ ಕಾಫಿಗೆ ದಿನಾ ಉಪ್ಪು. ನೀನು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆ. ನಾನೂ ನಕ್ಕೆ, ಅಳಿಯ ಅಂದರೆ ಚೇಷ್ಟೆ ಇದ್ದದ್ದೇ ಎಂದು. ಅದಕ್ಕೆಲ್ಲ ನನಗೆ ಕೋಪವಿಲ್ಲ.

ನಾನು ಅವನನ್ನು ಒಂದು ಸಲವೂ ಕಾಣಲಿಲ್ಲ. ಆದರೆ ವಿಜಯದಶಮಿಯ ದಿನ ಊಟಕ್ಕೆ ಕೂತಾಗ ಒಬ್ಬಟ್ಟು ಬಡಿಸುತ್ತಿದ್ದವಳು ತಲೆ ಎತ್ತಿ ಹುಳುಮನೆಯ ಬಾಗಿಲ ಕಡೆ ನೋಡಿದೆ. ಒಂದು ಕ್ಷಣ, ಅಷ್ಟೆ. ಆ ಮುಖ ನನ್ನದು ನೀಲಾ. ನಲವತ್ತೈದು ದಿನ, ಶಾಲೆಯಿಂದ ಬಂದು ಬಾಗಿಲು ತಟ್ಟಿದಾಗ ತೆಗೆದು ನೀನು ತೋರುತ್ತಿದ್ದ ಮುಖ. ಅದನ್ನು ಅಲ್ಲಿ ಯಾರಿಗೋ ಕೊಡುತ್ತಿದ್ದೀಯ.

ಮನುಷ್ಯನಾಗಿದ್ದರೆ ಕಾಲರ್ ಹಿಡಿದು ಕೇಳುತ್ತಿದ್ದೆ. ಗಾಳಿಯ ಕಾಲರ್ ಎಲ್ಲಿ ಹಿಡಿಯಲಿ? ಒಂದೇ ದಾರಿ ಹೊಳೆಯಿತು. ನೀನು ನವರಾತ್ರಿಗೆಂದು ಎರಡೂ ಗೊಂಬೆಗೆ ಮುಖ ಮುಚ್ಚುವ ಹಾಗೆ ಹೊಸ ಬಟ್ಟೆ ಸುತ್ತಿದ್ದೆಯಲ್ಲ, ಅವನಿಗೆ ಹಳದಿ, ನಿನ್ನ ರಾಣಿಗೆ ಹಸಿರು. ಮರುದಿನ ಬೆಳಿಗ್ಗೆ ನೀನು ಸೊಪ್ಪಿಗೆ ಹೋದಾಗ ಹಸಿರು ಬಟ್ಟೆಯದನ್ನು ಎತ್ತಿ ಚೀಲಕ್ಕೆ ಹಾಕಿಕೊಂಡು ಹುಣಸೂರು ಬಸ್ಸು ಹತ್ತಿದೆ. ಪಕ್ಕದ ಮನೆ ಚೆಲುವಮ್ಮ ಅಂಗಳ ಸಾರಿಸುತ್ತಿದ್ದಳು, ಕಂಡರೂ ಕಾಣದ ಹಾಗೆ ಇದ್ದಳು.

ಕದ್ದೆ ಅನ್ನಬೇಡ. ನನ್ನ ಹೆಂಡತಿಯ ಗೊಂಬೆಯನ್ನು ನಾನು ಮನೆಗೆ ಕರೆತಂದಿದ್ದೇನೆ. ರಾಜ ಟ್ರಂಕಿನಿಂದ ಯಾವಾಗ ಬರುತ್ತಾನೆ, ನೀನೇ ಹೇಳು.

ಮಲ್ಲೇಶ್


ಗಾವಡಗೆರೆ
4–11–1996

(ಕಾರ್ಡು)

ನೀವು ಒಯ್ದದ್ದು ನನ್ನ ಗೊಂಬೆಯಲ್ಲ. ನನ್ನದು ಇಲ್ಲೇ ಇದೆ, ಹಳದಿ ಬಟ್ಟೆಯೊಳಗೆ. ಹೇಗೆ ಅದಲುಬದಲಾಯಿತೋ ಕಾಣೆ, ನಾನೇ ಕೈಯಾರೆ ಸುತ್ತಿದ್ದೆ. ಎರಡು ವಾರದಿಂದ ಕೊಡೆ ಮೂಲೆಯಲ್ಲಿ ಬಿದ್ದಿದೆ. ಬೆಲ್ಲಕ್ಕೆ ಇರುವೆ ಹತ್ತಿದೆ. ಅವರು ಅಲ್ಲಿಗೆ ಬಂದಿದ್ದಾರೆ. ಗೊಂಬೆಯ ಬಟ್ಟೆ ಬಿಚ್ಚಬೇಡಿ, ಒಲೆಗೆ ಹಾಕಬೇಡಿ, ನನ್ನಾಣೆ.
— ನೀ.


ಎನ್. ಬೇಗೂರು
17–11–1996

ನೀಲಾ,

ನಿನ್ನ ಕಾರ್ಡನ್ನು ಪೋಸ್ಟ್‌ಮನ್ನಿಂದ ಹಿಡಿದು ಕಂಠಪ್ಪನವರ ತನಕ ಎಲ್ಲರೂ ಓದಿ ಕೊಟ್ಟರು. ಇನ್ನು ಮೇಲೆ ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆ.

ಕಾರ್ಡು ಬರುವ ಮೊದಲೇ ನನಗೆ ಅನುಮಾನ ಬಂದಿತ್ತು. ಶಾಲೆಗೆ ಹೋಗುವಾಗ ಅಡಿಗೆಮನೆಯಲ್ಲಿಟ್ಟ ದಂಟಿನ ಸೊಪ್ಪು ಬಂದು ನೋಡುವಷ್ಟರಲ್ಲಿ ಸಣ್ಣಗೆ ಕತ್ತರಿಸಿರುತ್ತಿತ್ತು, ಮರಿ ಹುಳುವಿಗೆ ಹಾಕಲು ನೀನು ಕತ್ತರಿಸುವ ಹಾಗೆ. ಈರುಳ್ಳಿ ಹಾಗೇ, ಕೋಸು ಹಾಗೇ. ಒಂದು ದಿನ ಒಂಬತ್ತನೇ ತರಗತಿಯ ಉತ್ತರಪತ್ರಿಕೆಗಳೂ ಹಾಗೇ ಆದವು. ಅಹಾ, ಬಂದೆಯಾ ಮಗನೇ, ಎದುರಿಗೆ ಸಿಗು, ಎರಡು ಬಿಗಿಯುತ್ತೇನೆ ಎಂದು ಕಾದು ಕೂತೆ. ಭಾನುವಾರ ಮಧ್ಯಾಹ್ನ ಸಿಕ್ಕಿತು.

ಒಶಿರಪ್ಪ ಗಂಡಸಲ್ಲ ಕಣೇ! ಹೆಂಗಸು. ಈಳಿಗೆಮಣೆಯ ಮುಂದೆ ಕೂತಿದ್ದಳು. ಅದೇ ಬಿಳಿ ಅಂಗಿ, ಅದೇ ಸೊಂಟದ ಪಟ್ಟಿ, ಒದ್ದೆ ಕೂದಲು ಬೆನ್ನ ಮೇಲೆ ಹರಡಿತ್ತು. ಎತ್ತಿದ ಕೈ ಹಾಗೇ ನಿಂತುಹೋಯಿತು. ಐದು ತಿಂಗಳ ಹೊಟ್ಟೆಕಿಚ್ಚು ಒಂದೇ ಸಲಕ್ಕೆ ಇಳಿದು ಒಬ್ಬನೇ ಕೂತು ಹುಚ್ಚನ ಹಾಗೆ ನಕ್ಕೆ. ನೀನು ಮಂಪರಿನಲ್ಲಿ ಹೆಂಗಸನ್ನು ಗಂಡಸು ಅಂದುಕೊಂಡೆಯೋ ಏನೋ. ಹಾಗಿದ್ದರೆ ನಮ್ಮ ಜಗಳವೆಲ್ಲ ದಂಡ.

ಅವಳಿಂದ ತೊಂದರೆಯಿಲ್ಲ. ಶಾಲೆ ಬಿಟ್ಟು ಬಂದಾಗ ಬಾಗಿಲು ತೆರೆದಿರುತ್ತದೆ, ಬಿಸಿನೀರು ಕಾದಿರುತ್ತದೆ. ನೆರಳು ನೋಡಿ ಹೊತ್ತು ಹೇಳುವುದನ್ನು ತೋರಿಸಿದರೆ ಥಟ್ಟನೆ ಕಲಿತಳು. ಲೆಕ್ಕ ಬಿಡಿಸುವಾಗ ಎದುರಿಗೆ ಗಲ್ಲಕ್ಕೆ ಕೈ ಕೊಟ್ಟು ಕೂರುತ್ತಾಳೆ, ಒಮ್ಮೆಯೂ ಆಕಳಿಸಿಲ್ಲ. ನೀನು ಆಕಳಿಸುತ್ತಿದ್ದೆ.

ನಾಲ್ಕನೇ ಬೆಳೆಗೆ ಮೊಟ್ಟೆ ತಂದೆಯಾ? ಆರೋಗ್ಯ ನೋಡಿಕೋ.

ನಿನ್ನ
ಮಲ್ಲೇಶ್


ಗಾವಡಗೆರೆ
24–11–1996

ಶ್ರೀಯುತ ಮಲ್ಲೇಶಪ್ಪನವರಿಗೆ,

ಆಕಳಿಸುತ್ತಿದ್ದೆನೇ? ಬೆಳಿಗ್ಗೆ ಐದಕ್ಕೆ ಎದ್ದು ನಿಮ್ಮ ಕ್ಯಾರಿಯರ್ ಕಟ್ಟಿದವಳು ಸಾಯಂಕಾಲ ಆಕಳಿಸದೆ ಹಾಡು ಹೇಳಬೇಕಿತ್ತೇ?

ಅವಳ ಕೂದಲು ಎಷ್ಟುದ್ದ? ಸೊಂಟದ ತನಕವೋ, ಕೆಳಗೋ? ಬಣ್ಣ ಹೇಗೆ? ನನ್ನ ಸೀರೆಗಳು ಕಪಾಟಿನಲ್ಲಿವೆ, ಒಂದನ್ನಾದರೂ ಮುಟ್ಟಿದ್ದಾಳೆಯೇ? ಒಂದೊಂದಕ್ಕೂ ಉತ್ತರ ಬೇಕು.

ನಿಮ್ಮ ಪತ್ರ ಓದಿ ಚೆಲುವಕ್ಕನನ್ನು ಹಿಡಿದು ಕೇಳಿದೆ, ಇದೇನು ಹೀಗೆ ಅಂತ. ಅವಳು ಎಲೆಯಡಿಕೆ ಉಗಿದು, “ಅದ್ಕೆ ಗಂಡಿಲ್ಲ ಎಣ್ಣಿಲ್ಲ ಕಣವ್ವ. ಒಂಟಿ ಇರೋರ ಕಣ್ಗೆ ಜೋಡಿ ಆಗಿ ಕಾಣ್ತದೆ. ವೀರಕ್ಕಂಗೆ ಕಂಡಂಗೆ ನಿಂಗೆ, ನಿಂಗ್ ಕಂಡಂಗೆ ನಿನ್ ಗಂಡುಂಗೆ” ಅಂದಳು. ಇದನ್ನು ಜೂನ್ ತಿಂಗಳಲ್ಲೇ ಹೇಳಬಾರದಿತ್ತೇ ಅಂದೆ. ನೀನು ಕೇಳಲಿಲ್ಲವಲ್ಲ ಅಂದಳು.

ಈಗ ನನಗೆ ಮಧ್ಯಾಹ್ನದ ಸೊಪ್ಪು ಹಾಕುವಾಗ ಬುಟ್ಟಿ ಭಾರ. ಆದರೆ ಅದಕ್ಕೆ ಅಳು ಬರುವುದಿಲ್ಲ. ನೀವು ಬಾಗಿಲು ತಳ್ಳಿ ಒಳಗೆ ಬರುವಾಗ ನನ್ನ ಅಡಿಗೆಮನೆಯಿಂದ ಇನ್ನೊಬ್ಬಳು ತಲೆ ಎತ್ತುತ್ತಾಳೆ ಅಂತ ನೆನೆಸಿಕೊಂಡರೆ ಅಳು ಬರುತ್ತದೆ. ಹೊಟ್ಟೆಯಲ್ಲಿ ಕೆಂಡ ಕಟ್ಟಿಕೊಂಡು ಓಡಾಡುತ್ತಿದ್ದೇನೆ. ನಿಮಗೂ ಹೀಗೇ ಆಗುತ್ತಿತ್ತೇ? ಇಷ್ಟು ದಿನ ಹೇಗೆ ತಡೆದಿರಿ?

ನಾಲ್ಕನೇ ಬೆಳೆ ಮೊಟ್ಟೆ ಒಡೆದಿದೆ. ಹುಳು ಮಂಕಾಗಿವೆ, ಹೊಗೆಸೊಪ್ಪಿನ ಗಾಳಿ ತಾಗುತ್ತಿದೆ. ಗೊಂಬೆಯನ್ನು ಕೋಟೆ–ಹುಣಸೂರು ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟು ಕಳಿಸಿ. ತಕ್ಷಣ.

ನೀಲಾಂಬಿಕೆ


ಎನ್. ಬೇಗೂರು
8–12–1996

ನೀಲಾ,

ಎರಡು ಸಲ ಚೀಲ ಹಿಡಿದು ಬಸ್‌ಸ್ಟಾಂಡಿಗೆ ಹೋದೆ. ಎರಡು ಸಲವೂ ಕಂಡಕ್ಟರನ್ನು ಮಾತಾಡಿಸಿ, ಚಾ ಕುಡಿಸಿ, ಚೀಲ ಹಿಡಿದು ವಾಪಸ್ಸು ಬಂದೆ. ಸುಳ್ಳು ಹೇಳಬಹುದಿತ್ತು, ಬಸ್ಸು ತಪ್ಪಿತು, ಆನೆ ಅಡ್ಡ ಬಂತು ಎಂದು. ಕಾಡಂಚಿನ ಊರಿದು, ಅದನ್ನು ಯಾರಾದರೂ ನಂಬುತ್ತಾರೆ. ಆದರೆ ನೀನು ನನಗೆ ಏನನ್ನೂ ಮುಚ್ಚಿಡಲಿಲ್ಲ, ನಾನು ಹೇಗೆ ಮುಚ್ಚಿಡಲಿ?

ಕಳಿಸಲು ನನಗೆ ಮನಸ್ಸು ಬರುತ್ತಿಲ್ಲ. ಅವಳನ್ನು ಇನ್ನೊಬ್ಬರ ಕಣ್ಣಿಗೆ ಬಿಟ್ಟುಕೊಡಲು, ಆ ಇನ್ನೊಬ್ಬರು ನೀನೇ ಆದರೂ, ಮನಸ್ಸಿಲ್ಲ. ಕಂಠಪ್ಪನವರು ಮೊನ್ನೆ ಪುಸ್ತಕ ಕೇಳಲು ಬಂದರು, ಬಾಗಿಲಿಗೆ ಅಡ್ಡ ನಿಂತು ಮಾತಾಡಿಸಿ ಕಳಿಸಿದೆ. ಐವತ್ತಾರು ವರ್ಷದ ಮನುಷ್ಯ! ಅವರ ಮೇಲೆ ನನಗೆ ಹೊಟ್ಟೆಕಿಚ್ಚು!

ಕೂದಲು ಸೊಂಟದ ತನಕ. ನಿನ್ನದಕ್ಕಿಂತ ಒಂದು ಗೇಣು ಹೆಚ್ಚು. ಸೀರೆ ಮುಟ್ಟಿಲ್ಲ.

ನೀನು ಬಂದರೆ ಸಾಕು ಎಂದು ದಿನಾ ಬೆಳಿಗ್ಗೆ ಅನ್ನಿಸುತ್ತದೆ. ಸಾಯಂಕಾಲವಾಗುತ್ತಲೂ, ಬಂದರೆ ಇವಳು ಹೋಗಿಬಿಡುತ್ತಾಳಲ್ಲ ಎಂದೂ ಅನ್ನಿಸುತ್ತದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಜೂನ್, ಜುಲೈನಲ್ಲಿ ನಿನ್ನನ್ನು ಬೈದ ಪತ್ರಗಳನ್ನೆಲ್ಲ ಸಾಧ್ಯವಾದರೆ ಸುಟ್ಟುಹಾಕು.

ಮಲ್ಲೇಶ್


ಗಾವಡಗೆರೆ
13–12–1996

ರೀ,

ಭಾನುವಾರ ಮೊದಲ ಬಸ್ಸಿಗೆ ಹೊರಡುತ್ತಿದ್ದೇನೆ. ಹನ್ನೊಂದೂವರೆಗೆ ಅಲ್ಲಿರುತ್ತೇನೆ. ಹುಳು ನಾಲ್ಕನೇ ಜ್ವರಕ್ಕೆ ಕೂತಿವೆ, ಈಗ ಬಿಟ್ಟು ಬಂದರೆ ಬೆಳೆ ಹೋಗಬಹುದು, ಬೆಳೆ ಹೋದರೆ ಉಯಿಲಿನ ಪ್ರಕಾರ ಮನೆಯೂ ಹೋಯಿತು. ಹೋಗಲಿ. ಚೆಲುವಕ್ಕನಿಗೆ ಸೊಪ್ಪು ಹಾಕಲು ಹೇಳಿದ್ದೇನೆ. ಮೂತಿ ತಿರುಗಿಸಿ ಒಪ್ಪಿದಳು.

ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳುತ್ತೇನೆ: ನಾನು ಎದುರಿಗಿದ್ದರೂ ಅವಳು ಕಾಣುತ್ತಾಳೆಯೇ? ಕಂಡರೆ ಕಂಡಳು ಅನ್ನಿ, ಅದೇ ಬಸ್ಸು ತಿರುಗಿ ಹೊರಡುವುದರೊಳಗೆ ಹತ್ತುತ್ತೇನೆ. ಸುಳ್ಳು ಹೇಳಿದರೆ ನಿಮ್ಮ ಕಿವಿ ಕೆಂಪಾಗುತ್ತದೆ, ನನಗೆ ಗೊತ್ತಾಗುತ್ತದೆ.

ನೀಲಾ


ಎನ್. ಬೇಗೂರು
10–1–1997

ಚೆಲುವಕ್ಕನಿಗೆ ನೀಲಾಂಬಿಕೆ ಮಾಡುವ ನಮಸ್ಕಾರಗಳು.

ಈ ಪತ್ರವನ್ನು ಪೋಸ್ಟ್‌ಮನ್ ಮಂಟಯ್ಯನವರಿಂದ ಓದಿಸಿಕೊಳ್ಳಿ. ನೀವು ಬಸ್ಸು ಹತ್ತಿಸುವಾಗ, “ಓಗಿ ಕಣ್ಣಾರೆ ನೋಡ್ಕಂಡು ಬಾ” ಅಂದಿರಿ. ನೋಡಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಇವರು ಬಾಗಿಲಲ್ಲೇ ಕಾಯುತ್ತಿದ್ದರು. ಕೇಳಿದೆ. ಒಳಗೆ ತಿರುಗಿ ನೋಡಿದರು, ಅಡಿಗೆಮನೆ ಪೂರ್ತಿ ನೋಡಿದರು, “ಇಲ್ಲ” ಅಂದರು. ಕಿವಿ ಕೆಂಪಾಗಲಿಲ್ಲ. ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಅಕ್ಕಾ, ಸಂತೋಷಪಡಬೇಕಾದವಳು ನಾನು ಅಲ್ಲೇ ಜಗಳ ತೆಗೆದೆ, ಯಾಕೆ ಅಳುತ್ತೀರಿ ಅಂತ. ಅಷ್ಟರಲ್ಲಿ ನನ್ನ ಕಣ್ಣೂ ಸುಮ್ಮನಿರದೆ ಮೂಲೆಯಲ್ಲೆಲ್ಲ ಹುಡುಕುತ್ತಿತ್ತು. ಹಲಗೆಯ ಮೇಲೆ ಹಸಿರು ಬಟ್ಟೆ ಸುತ್ತಿದ ಒಂದು ಕಡ್ಡಿ ಇತ್ತು, ಅಷ್ಟೆ. ನಾನು ಹುಡುಕುವುದನ್ನು ಇವರು ಕಂಡುಕೊಂಡರು, “ನೀನು ಯಾರನ್ನು ಹುಡುಕ್ತಿದ್ದೀಯ?” ಅಂದರು. ಬಸ್ಸು ಹೊರಟುಹೋಯಿತು. ನಾವು ಸಾಯಂಕಾಲದ ತನಕ ಜಗಳವಾಡಿದೆವು. ಆಮೇಲೆ ಹಸಿವಾಯಿತು, ಉಪ್ಪಿಟ್ಟು ಮಾಡಿದೆ.

ಈಗ ಚೆನ್ನಾಗಿದ್ದೇವೆ. ಆದರೆ ಒಬ್ಬರು ಅಂಗಡಿಗೆ ಹೋದರೆ ಇನ್ನೊಬ್ಬರಿಗೆ ಕಾಣುತ್ತದೆ. ಇವರು ಹಿಂದಿರುಗಿದಾಗ ನನ್ನ ಮುಖ ನೋಡುತ್ತಾರೆ, ನಾನು ನೀರಿಗೆ ಹೋಗಿ ಬಂದಾಗ ಇವರ ಮುಖ ನೋಡುತ್ತೇನೆ. ಹೀಗೆ ಎಷ್ಟು ದಿನ ಕಾವಲು ಕಾಯುವುದು? ಕಾಡಿಗೆ ಬಿಟ್ಟುಬರೋಣ ಅಂದರು. ಅಷ್ಟು ವರ್ಷ ನಮ್ಮತ್ತೆ ಸೆರಗು ಸುತ್ತಿ ಕಾಪಾಡಿದ್ದನ್ನು ಬಿಡಲು ನನಗೆ ಕೈ ಬರಲಿಲ್ಲ.

ನಾಲ್ಕನೇ ಬೆಳೆಯನ್ನು ನೀವು ಉಳಿಸಿ ಗೂಡು ಕಟ್ಟಿಸಿದಿರಂತೆ, ಮಂಟಯ್ಯನವರು ಬರೆದಿದ್ದರು. ಆದ್ದರಿಂದ ಮನೆ ನನ್ನದಾಯಿತು. ಇನ್ನು ಆ ಮನೆಯಲ್ಲಿ ನೀವಿರಿ, ಹುಳು ಸಾಕಿ, ಗೊಂಬೆಯನ್ನೂ ನೀವೇ ಇಟ್ಟುಕೊಳ್ಳಿ. ನಿಮಗೂ ಯಾರೂ ಇಲ್ಲ. ಸಂಕ್ರಾಂತಿ ಕಳೆದ ಸೋಮವಾರ ಇಬ್ಬರೂ ತಂದುಕೊಟ್ಟು, ನನ್ನ ಗೊಂಬೆ ಜೋಡಿಯನ್ನು ತೆಗೆದುಕೊಂಡು, ಅದೇ ದಿನ ವಾಪಸ್ಸಾಗುತ್ತೇವೆ. ಇವರೊಬ್ಬರೇ ತರುತ್ತೇನೆ ಅಂದರು. ಗೊಂಬೆಯ ಜೊತೆ ಇವರನ್ನು ಮೂರು ಗಂಟೆ ಬಸ್ಸಿನಲ್ಲಿ ಕಳಿಸುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ನಿಮ್ಮ ತಂಗಿ,
ನೀಲಾ


ಗಾವಡಗೆರೆ
11–2–1997

ನೀಲವ್ವಂಗೆ ಚೆಲುವಮ್ಮ ಯೋಳಿ ಬರೆಸೋದು ಏನಂದ್ರೆ,

ನಾನ್ ಯೋಳ್ದಂಗೇ ಬರಿ ಅಂತ ಮಂಟಯ್ಯಂಗೆ ಯೋಳಿವ್ನಿ. ಊರಲ್ಲಿ ಬಾಯ್ ಬುಟ್ರೆ ನಾಲ್ಗೆ ಕಿತ್ತಾಕ್ತೀನಿ ಅಂತ್ಲೂ ಯೋಳಿವ್ನಿ. ಇದ್ನೂ ಬರ್ದವ್ನೆ.

ಅವತ್ತು ನೀವಿಬ್ರೂ ಬಂದು ಗೊಂಬೆ ಕೊಟ್ಟು ನನ್ ಕಾಲ್ಮುಟ್ಟಿದ್ರಿ. ನಾನು ಕಾಲು ಇಂದಕ್ಕೆ ಎಳ್ಕಂಡೆ, ನೋಡ್ದೆ ತಾನೆ? ಅದ್ಯಾಕೆ ಅಂತ ಈಗ ಯೋಳ್ತೀನಿ. ಆ ನವರಾತ್ರೀಲಿ ಗೊಂಬೆ ಬಟ್ಟೆ ಅದ್ಲುಬದ್ಲು ಮಾಡ್ದೋಳು ನಾನೇ. ಅದ್ರ ಮುಂಚಿನ್ ದಿನ ನಿನ್ ಗಂಡ ಅಸಿರು ಬಟ್ಟೆದುನ್ನೇ ಎತ್ತಿ ಎತ್ತಿ ಮಡಗೋದ ಕಂಡಿದ್ದೆ. ಕದ್ಕಂಡೋಯ್ತಾನೆ ಅಂತ ಗೊತ್ತಾಯ್ತು. ಬೆಳಗಾನೆ ನೀನು ಸೊಪ್ಪಿಗೆ ಓದೆ, ಅವ್ನು ಬಾವಿ ತಾವ ಮಕ ತೊಳೀತಿದ್ದ. ಒಳಿಕ್ ಓಗಿ ಅಳದೀನ ನಿನ್ ರಾಣಿಗೆ ಉಡ್ಸ್ದೆ, ಅಸಿರ್ನ ಒಶಿರಪ್ಪಂಗೆ ಉಡ್ಸ್ದೆ. ಓಗ್ಲಿ, ಊರು ಬುಟ್ಟೋಗ್ಲಿ, ನಂಗಂತೂ ಇಲ್ಲ, ಅವಳ್ಗೂ ಬ್ಯಾಡ ಅಂತ.

ನಂಗೆ ನಿನ್ ಮ್ಯಾಲೆ ದ್ವೇಸ ಇರ್ನಿಲ್ಲ ಕಣವ್ವ. ನನ್ ಗಂಡ ಸತ್ತಾಗ ನಂಗೆ ಇಪ್ಪತ್ತು ವರ್ಸ. ಅದೇ ವರ್ಸ ವೀರಕ್ಕ ಗಂಡುನ್ ಮನೆ ಬುಟ್ಟು ಬಂದ್ಲು. ನಡುವೆ ಒಂದು ಮಣ್ ಗ್ವಾಡೆ. ಈ ಕಡೆ ನಾನು ಅಳೋದು, ಆ ಕಡೆ ಅವ್ಳು ನಗೋದು. ಒಂದ್ ದಿನಾನಾ, ಎರಡ್ ದಿನಾನಾ? ನಲವತ್ತು ವರ್ಸ ಕೇಳಿವ್ನಿ. ಒಂದ್ಸಲನಾದ್ರೂ ಬಾ ಚೆಲುವಿ ಒಳಿಕ್ಕೆ, ನೀನೂ ನೋಡು ಅನ್ನನಿಲ್ಲ. ಸೊಪ್ಪು ತಂದಾಕು, ಓಗು, ಅಷ್ಟೆ. ಅವ್ಳು ಸತ್ಲು, ಇನ್ನಾದ್ರೂ ನಂಗೆ ಅಂದ್ಕಂಡ್ರೆ ನೀನು ಬಂದೆ. ಎಂಟನೇ ದಿನುಕ್ಕೆ ನೀನೂ ನಗಾಕ್ ಸುರು ಮಾಡ್ದೆ. ಅದೇ ಗ್ವಾಡೆ, ಅದೇ ನಗು. ನಂಗೆ ತಡಿಯಾಕಾಗ್ನಿಲ್ಲ.

ನೀನು ಅದ್ನ ತಂದು ನನ್ ಕೈಲೇ ಮಡಗಿದ್ದು ನೋಡಿ ನಂಗೆ ನೆಲ ಸೀಳ್ಬಾರ್ದಾ ಅನ್ನುಸ್ತು. ಬ್ಯಾಡ ಅನ್ನಾಕೆ ಬಾಯಿ ತಗ್ದೆ. ಈಸ್ಕಂಡೆ. ತಪ್ಪಾಯ್ತು. ಬೈಯಂಗಿದ್ರೆ ಬೈದು ಕಾಗ್ದ ಬರಿ, ಮಂಟಯ್ಯ ಓದ್ತಾನೆ.

ಮೊದ್ಲು ಐದು ದಿನ ನಂಗೆ ಏನೂ ಕಾಣ್ನಿಲ್ಲ. ಮುದುಕಿ, ನಂಗೇನು ಕಾಣ್ತದೆ ಅಂತ ಸುಮ್ಗಾದೆ. ಆರನೇ ದಿನ ಮದ್ಯಾನ ಬುಟ್ಟಿ ಅಗೂರಾಯ್ತು. ಎಂಗವ್ರೆ ಏನು ಅಂತ ನಿಂಗೆ ಯೋಳಾಕಿಲ್ಲ. ಮಂಟಯ್ಯ ಕೇಳ್ತಾವ್ನೆ, ಅವ್ನಿಗೂ ಯೋಳಾಕಿಲ್ಲ. ಉಗಾದಿಗೆ ಬತ್ತೀವಿ ಅಂದಿದ್ರಿ. ಬರ್ಬ್ಯಾಡಿ. ಬಂದ್ರೂ ಜಗ್ಲಿ ಗಂಟ ಬನ್ನಿ, ಅಲ್ಲೇ ಊಟಕ್ಕಾಕ್ತೀನಿ, ಉಳದ್ ಮನೆ ತಾವ ಓಗ್ಬ್ಯಾಡಿ. ನಿಮ್ಗೆ ಜೋಡಿ ಐತೆ.

ನಿನ್ನೆ ಆ ಮಗ್ಗಲು ಮನೆ ಸುಂದ್ರಮ್ಮ ಬೇಲಿ ತಾವ ನಿಂತ್ಕಂಡು, “ಅದೇನ್ ಚೆಲುವಕ್ಕ, ಒಬ್ಳೇ ಅಂಗ್ ನಗ್ತಿದ್ದೀಯಲ್ಲ, ವಸಿ ಬಂದು ನೋಡ್ಲಾ?” ಅಂದ್ಲು. ನಿನ್ ಕೆಲ್ಸ ನೀನ್ ನೋಡ್ಕಳೇ ಅಂತ ಬಾಗ್ಲಾಕ್ಕಂಡೆ.

ಇಂತಿ
ಚೆಲುವಮ್ಮನ ಎಡಗೈ ಹೆಬ್ಬೆಟ್ಟು
(ಬರೆದವನು ಮಂಟಯ್ಯ, ಗಾವಡಗೆರೆ ಅಂಚೆ)